ಕೂಡ್ಲಿಗಿ–ಕೊಟ್ಟೂರು ಸೀಮೆಯ ವರುಷದ ಹವೆ

ಆಂಗ್ಲ ವಾಚಕ ಪುಸ್ತಕಗಳನ್ನೋದಿದ ನಮ್ಮ ವಿದ್ಯಾರ್ಥಿನಿಯರನ್ನು ಋತುಗಳೆಷ್ಟೆಂದು ಕೇಳಿದರೆ ನಾಲ್ಕೆಂದು ಹೇಳುವರು. ಪಂಚಾಂಗವನ್ನು ಬಲ್ಲ ಅಜ್ಜಿಯನ್ನು ಕೇಳಿದರೆ ಆರೆನ್ನುವಳು. ಕೂಡ್ಲಿಗಿಯ ಹೊಲದಲ್ಲಿ ಕುಂಟೆ ಹೊಡೆಯುತ್ತಿರುವ ಒಕ್ಕಲಿಗನನ್ನು ಕೇಳಿದರೆ ಬೇಸಿಗೆ, ಮಳೆಗಾಲ, ಚಳಿಗಾಲವೆಂದು ಮೂರನ್ನೇ ಹೇಳುವನು. ಆದರೆ ಮಳೆಗಾಲದ ವಿಷಯವನ್ನು ಎತ್ತಿದೊಡನೆ ಅದನ್ನು ರೋಹಿಣಿ, ಮೃಗಶಿರ, ಆರಿದ್ರ, ಪುನರ್ವಸು ಎಂದು ಹತ್ತಾರು ಭಾಗಗಳಾಗಿ ಒಡೆದು, ಒಂದೊಂದರ ಗುಣದೋಷಗಳನ್ನೂ ವರ್ಣಿಸತೊಡಗುವನು. ಈ ಮೂವರಲ್ಲಿ ನಮ್ಮ ಸೀಮೆಯ ಹವೆಯನ್ನು ಚೆನ್ನಾಗಿ ತಿಳಿದವನು ಆ ಒಕ್ಕಲಿಗನೇ ಎಂಬುದು ನನ್ನ ಅಭಿಪ್ರಾಯ. ಏಕೆಂದರೆ ಮನುಷ್ಯನು ಯಾವುದಕ್ಕೆ ಕಾದು ಕುಳಿತಿರುವನೋ ಅದಕ್ಕೆ ಹೆಚ್ಚು ಹೆಸರುಗಳನ್ನಿಡುವನು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನ ಹಡಗಲಿ, ಹರಪನಹಳ್ಳಿ ಈ ಐದೂ ಊರುಗಳು ಭೂಮಧ್ಯರೇಖೆಯ ಉತ್ತರಕ್ಕೆ ಸುಮಾರು 15ನೆಯ ಅಕ್ಷಾಂಶದ ನೆರೆಯಲ್ಲಿರುತ್ತವೆ. ಸಮುದ್ರಮಟ್ಟಕ್ಕಿಂತ 500ರಿಂದ 650 ಮೀಟರುಗಳವರೆಗೆ ಎತ್ತರವಾದ ಬಯಲು. 1953ನೆಯ ಇಸವಿಯವರೆಗೆ ಇದು ಮದರಾಸು ರಾಜ್ಯದ ಬಳ್ಳಾರಿ ಜಿಲ್ಲೆಯ ಪಡುವಣ ಭಾಗವಾಗಿದ್ದು, 2021ರಿಂದ ವಿಜಯನಗರ ಜಿಲ್ಲೆಗೆ ಸೇರಿದೆ. ರಾಜ್ಯಗಳೂ ಜಿಲ್ಲೆಗಳೂ ಬದಲಾದರೂ ಆಕಾಶವು ಬದಲಾಗಲಿಲ್ಲ. ಕೂಡ್ಲಿಗಿ, ಹರಪನಹಳ್ಳಿಗಳ ಕಡೆ ಹೆಚ್ಚಾಗಿ ಕೆಂಪು ಮಸಬು ನೆಲ. ಹಡಗಲಿಯಿಂದ ತುಂಗಭದ್ರೆಯ ಕಡೆಗೆ ಇಳಿದಂತೆ ಅಲ್ಲಲ್ಲಿ ಎರೆಯ ನೆಲ. ಈ ಎರಡು ಮಣ್ಣುಗಳ ಭೇದವನ್ನು ನೆನಪಿನಲ್ಲಿಡಿರಿ, ಮುಂದೆ ಬೇಕಾಗುವುದು.

ಮೊದಲು ಸೂರ್ಯನ ವಿಷಯ. ನಮ್ಮ ಊರುಗಳು ಕರ್ಕಾಟಕ ಸಂಕ್ರಾಂತಿ ವೃತ್ತದ ದಕ್ಷಿಣಕ್ಕಿರುವುದರಿಂದ ವರುಷಕ್ಕೆ ಎರಡು ಸಲ ಸೂರ್ಯನು ಸರಿಯಾಗಿ ನಮ್ಮ ನೆತ್ತಿಯ ಮೇಲೆ ಬರುವನು. ಮೊದಲನೆಯದು ಏಪ್ರಿಲ್ ತಿಂಗಳು ಮುಗಿಯುವ ಹೊತ್ತಿಗೆ. ಎರಡನೆಯದು ಆಗಸ್ಟ್ 12ರ ಆಚೀಚೆ. ಏಪ್ರಿಲ್ 30ರಂದು ಕೊಟ್ಟೂರಿನಲ್ಲಿ ಒಂದು ಕೋಲನ್ನು ತೂಕದ ದಾರ ಹಿಡಿದು ನೆಟ್ಟಗೆ ನಿಲ್ಲಿಸಿ, ಗಡಿಯಾರದಲ್ಲಿ 12 ಗಂಟೆ 22 ನಿಮಿಷದ ಸುಮಾರಿಗೆ ನೋಡಿದರೆ ಅದರ ನೆರಳು ಬುಡದಲ್ಲಿಯೇ ಅಡಗಿರುವುದು. ಸರಿಯಾಗಿ 12 ಗಂಟೆಗೆ ಏಕಲ್ಲವೆಂದು ಕೇಳುವಿರೇನು? ನಮ್ಮ ಗಡಿಯಾರಗಳು ಪೂರ್ವದ 82½ನೆಯ ರೇಖಾಂಶದ ವೇಳೆಯನ್ನು ತೋರಿಸುತ್ತವೆ; ನಾವಾದರೋ 76ನೆಯ ರೇಖಾಂಶದ ಬಳಿ ಇದ್ದೇವೆ. ಒಂದು ರೇಖಾಂಶಕ್ಕೆ 4 ನಿಮಿಷದಂತೆ ಸೂರ್ಯನು ನಮ್ಮಲ್ಲಿಗೆ ತಡವಾಗಿ ಬರುವನು. ಅತಿ ದೀರ್ಘವಾದ ಹಗಲು ನಮ್ಮಲ್ಲಿ ಸುಮಾರು 13 ಗಂಟೆ, ಅತಿ ಹ್ರಸ್ವವಾದುದು 11¼ ಗಂಟೆ. ಇಷ್ಟೇ ವ್ಯತ್ಯಾಸ. ಆದುದರಿಂದಲೇ ನಮ್ಮ ಚಳಿಗಾಲಕ್ಕೂ ಬೇಸಿಗೆಗೂ ಉಷ್ಣಮಾನದಲ್ಲಿ ಬಹಳ ಅಂತರವಿಲ್ಲ. ಅತಿ ತಂಪಾದ ತಿಂಗಳಿಗೂ ಅತಿ ಬಿಸಿಯಾದ ತಿಂಗಳಿಗೂ ಸರಾಸರಿಯಲ್ಲಿ ಎಂಟೊಂಬತ್ತು ಡಿಗ್ರಿಗಳಷ್ಟು ಭೇದ.

ಇದರ ಬೆಲೆ ತಿಳಿಯಬೇಕಾದರೆ ಭೂಪಟದ ಇನ್ನೊಂದು ಮೂಲೆಯನ್ನು ನೋಡಬೇಕು. ಕೆನಡಾ ದೇಶದಲ್ಲಿ ಹಡ್ಸನ್ ಕೊಲ್ಲಿಯ ದಡದಲ್ಲಿ ಚರ್ಚಿಲ್ ಎಂಬ ಚಿಕ್ಕ ಊರಿದೆ. ಉತ್ತರ ಧ್ರುವವೃತ್ತಕ್ಕೆ ಕೆಳಗೆ, 58¾ನೆಯ ಅಕ್ಷಾಂಶದಲ್ಲಿ. 2021ರ ಜನಗಣತಿಯಂತೆ ಅಲ್ಲಿನ ಜನರು ಒಂದು ಸಾವಿರಕ್ಕೂ ಕಡಿಮೆ. ನಮ್ಮ ಒಂದು ಸಣ್ಣ ಹಳ್ಳಿಯಷ್ಟು. ಅಲ್ಲಿ ಡಿಸೆಂಬರಿನಲ್ಲಿ ಹಗಲು ಆರು ಗಂಟೆಗೆ ತುಸು ಹೆಚ್ಚು, ಜೂನಿನಲ್ಲಿ ಹದಿನೆಂಟು ಗಂಟೆಗೂ ಮಿಕ್ಕಿ. ಜನವರಿಯ ಸರಾಸರಿ ಉಷ್ಣಮಾನವು ಸೊನ್ನೆಯ ಕೆಳಗೆ 26 ಡಿಗ್ರಿ; ಜುಲೈಯಲ್ಲಿ ಸೊನ್ನೆಯ ಮೇಲೆ 12 ಅಥವಾ 13. ಸಮುದ್ರವೇ ನವೆಂಬರಿನಲ್ಲಿ ಹೆಪ್ಪುಗಟ್ಟಿ ಬೇಸಿಗೆ ಬರುವವರೆಗೆ ಕರಗದು. ಆ ಮಂಜುಗಡ್ಡೆಗಾಗಿ ಬಿಳಿ ಕರಡಿಗಳು ಶರತ್ಕಾಲದಲ್ಲಿ ದಡದಲ್ಲಿ ಕಾದಿರುತ್ತವೆ. ಅಂತಹ ಊರಿನಲ್ಲಿ ವರುಷವನ್ನು ಆಳುವುದು ಉಷ್ಣಮಾಪಕ. ನಮ್ಮಲ್ಲಿ ವರುಷವನ್ನು ಆಳುವುದು ಮಳೆಯನ್ನಳೆಯುವ ಪಾತ್ರೆ. ಅಲ್ಲಿನ ಮಗುವು ಮಂಜು ಯಾವಾಗ ಕರಗುವುದೆಂದು ಕೇಳುವಂತೆ ಇಲ್ಲಿನ ಮಗುವು ಮೋಡ ಯಾವಾಗ ಕರಗುವುದೆಂದು ಕೇಳುವುದು. ಈ ಊರಿನ ಮಾತು ಮುಂದೆ ಮತ್ತೆ ಬರಲಿದೆ.

ನಮ್ಮ ವರುಷವನ್ನು ಮಾಘಮಾಸದಿಂದ ಆರಂಭಿಸೋಣ. ಫೆಬ್ರವರಿ ತಿಂಗಳಲ್ಲಿ ಬೆಳಗಿನ ತಂಪು ಇನ್ನೂ ಉಳಿದಿದ್ದರೂ ಮಧ್ಯಾಹ್ನದ ಬಿಸಿಲು ಚುರುಗುಟ್ಟತೊಡಗುವುದು. ಭರತ ಹುಣ್ಣಿಮೆಯ ಸಮಯದಲ್ಲಿ ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಕಾರಣಿಕವಾಗುವುದು. ಗೊರವಯ್ಯನು ಎತ್ತರವಾದ ಬಿಲ್ಲನ್ನೇರಿ ಒಂದೇ ಮಾತನ್ನು ನುಡಿದು ಕೆಳಗೆ ಬೀಳುವನು. ಲಕ್ಷಾಂತರ ಜನರು ಆ ಮಾತನ್ನು ಬರುವ ವರುಷದ ಮಳೆಬೆಳೆಗಳಿಗೆ ಅನ್ವಯಿಸಿಕೊಂಡು ಮನೆಗೆ ಹೋಗುವರು. ಅದನ್ನು ನಂಬುವುದೂ ಬಿಡುವುದೂ ಅವರವರ ಮನಸ್ಸಿಗೆ ಸೇರಿದ್ದು. ಆದರೆ ಭೂಗೋಳವನ್ನು ಕಲಿಯುವವರು ಒಂದನ್ನು ಗಮನಿಸಬೇಕು: ಅಷ್ಟು ಜನರು ಅಷ್ಟು ದೂರದಿಂದ ಬಂದು ಉಸಿರು ಬಿಗಿಹಿಡಿದು ಕೇಳುವುದು ಹೆಚ್ಚಾಗಿ ಮಳೆಯ ಮಾತನ್ನೇ. ಮಳೆಯು ತಪ್ಪದೆ ಬರುವ ಮಲೆನಾಡಿನಲ್ಲಿ ಇಂತಹ ನುಡಿಗೆ ಇಷ್ಟು ಕಿವಿಗಳು ಸೇರಲಾರವು.

ಮಾರ್ಚ್‌ನಿಂದ ಮೇ ತಿಂಗಳವರೆಗೆ ಬೇಸಿಗೆ. ಏಪ್ರಿಲ್, ಮೇ ತಿಂಗಳುಗಳ ಮಧ್ಯಾಹ್ನದಲ್ಲಿ ನೆರಳಿನ ಉಷ್ಣಮಾನವು 37ರಿಂದ 40 ಡಿಗ್ರಿಗಳವರೆಗೆ ಏರುವುದು. ಆದರೆ ಗಾಳಿಯಲ್ಲಿ ತೇವವು ಕಡಿಮೆಯಾದುದರಿಂದ ಬೆವರು ಬೇಗನೆ ಆರುವುದು. ಕರಾವಳಿಯ 34 ಡಿಗ್ರಿಯಲ್ಲಿ ಆಗುವಷ್ಟು ಬೇಗುದಿ ನಮ್ಮ 38ರಲ್ಲಿ ಆಗದು. ರಾತ್ರಿಯಲ್ಲಿ ನೆಲವು ತನ್ನ ಕಾವನ್ನು ನಿರಭ್ರವಾದ ಆಕಾಶಕ್ಕೆ ಬಿಟ್ಟುಕೊಡುವುದರಿಂದ ಮಾಳಿಗೆಯ ಮೇಲೆ ಮಲಗಿದವರಿಗೆ ಬೆಳಗಿನ ಜಾವ ಹೊದಿಕೆ ಬೇಕೆನಿಸುವುದೂ ಉಂಟು. ಈ ಉರಿಬಿಸಿಲಿನಲ್ಲಿ ಒಂದು ಬೆಳೆ ಮಾತ್ರ ಸಂತೋಷಪಡುವುದು: ಹಡಗಲಿಯ ಮಲ್ಲಿಗೆ. ಊರಿಗೆ ಹೂವಿನ ಹಡಗಲಿಯೆಂಬ ಹೆಸರೇ ಇರುವುದಷ್ಟೆ. ಬಾವಿಯ ನೀರನ್ನು ಕೊಟ್ಟರೆ ಸಾಕು, ಬಿಸಿಲು ಹೆಚ್ಚಿದಂತೆ ಮೊಗ್ಗು ಹೆಚ್ಚುವುದು. ಬೆಳಕು ಹರಿಯುವ ಮೊದಲೇ ಹೆಂಗಸರೂ ಮಕ್ಕಳೂ ಮೊಗ್ಗು ಬಿಡಿಸಿ ಮುಗಿಸಬೇಕು. ಬಿಸಿಲೇರಿದರೆ ಹೂವು ಪೇಟೆಗೆ ಹೋಗುವ ಮೊದಲೇ ಬಾಡುವುದು. ಭೌಗೋಳಿಕ ಗುರುತನ್ನು ಪಡೆದಿರುವ ಈ ಹೂವು ನಮ್ಮ ಹವೆಯ ಮಗಳೆಂದೇ ಹೇಳಬಹುದು.

ಬೇಸಿಗೆಯ ಕೊನೆಗೆ ಅಡ್ಡಮಳೆಗಳು ಬರುತ್ತವೆ. ಕಾದ ನೆಲದ ಮೇಲಿನ ಗಾಳಿಯು ಹಗುರಾಗಿ ಮೇಲೇರುವುದು, ಏರಿದಂತೆ ತಣಿಯುವುದು, ಸಮುದ್ರಗಳ ಕಡೆಯಿಂದ ಬಂದ ತೇವವು ಅದರಲ್ಲಿದ್ದರೆ ಹನಿಗಟ್ಟಿ ಸಂಜೆಯ ಹೊತ್ತಿಗೆ ಕಪ್ಪನೆಯ ಮೋಡವಾಗಿ ನಿಲ್ಲುವುದು. ಧೂಳು, ಬಿರುಗಾಳಿ, ಗುಡುಗು, ಕೆಲವು ಸಲ ಆಣೆಕಲ್ಲು. ಅರ್ಧ ಗಂಟೆಯಲ್ಲಿ ಎಲ್ಲವೂ ಮುಗಿದು, ಒಂದು ಊರಿನ ಹಳ್ಳ ಹರಿದರೆ ಪಕ್ಕದ ಊರಿನ ಅಂಗಳ ಒಣಗಿಯೇ ಇರುವುದು. ಸಿಡಿಲಿನಿಂದ ಪ್ರಾಣಹಾನಿಯಾಗುವುದೂ ಈ ಕಾಲದಲ್ಲಿಯೇ ಹೆಚ್ಚು. ಬಯಲಿನಲ್ಲಿ ಒಂಟಿ ಮರದ ಕೆಳಗೆ ನಿಲ್ಲಬಾರದೆಂಬುದನ್ನು ಕುರಿ ಕಾಯುವ ತಮ್ಮಂದಿರಿಗೆ ನೀವು ತಪ್ಪದೆ ಹೇಳಬೇಕು.

ಇನ್ನು ಮಳೆಗಾಲ. ನಮ್ಮ ಹಿರಿಯರು ಮಳೆಗಳನ್ನು ನಕ್ಷತ್ರಗಳ ಹೆಸರಿನಿಂದ ಕರೆಯುವರು. ಸೂರ್ಯನು 27 ನಕ್ಷತ್ರಗಳನ್ನು ಒಂದು ವರುಷದಲ್ಲಿ ದಾಟುವುದರಿಂದ ಒಂದೊಂದಕ್ಕೆ ಸುಮಾರು 13½ ದಿನಗಳಾಗುತ್ತವೆ. ಮೇ 25ರ ಸುಮಾರಿಗೆ ರೋಹಿಣಿ, ಜೂನ್ 8ಕ್ಕೆ ಮೃಗಶಿರ, 22ಕ್ಕೆ ಆರಿದ್ರ; ಹೀಗೆ ಸೆಪ್ಟೆಂಬರ್ ನಡುವೆ ಉತ್ತರೆ, ಆ ತಿಂಗಳ ಕೊನೆಗೆ ಹಸ್ತ, ಅಕ್ಟೋಬರಿನಲ್ಲಿ ಚಿತ್ತಾ, ಸ್ವಾತಿ. ಚಂದ್ರಮಾನದ ತಿಥಿಗಳು ವರುಷದಿಂದ ವರುಷಕ್ಕೆ ಹಿಂದುಮುಂದಾದರೂ ಈ ಲೆಕ್ಕವು ಸೂರ್ಯನನ್ನು ಅನುಸರಿಸುವುದರಿಂದ ಬೇಸಾಯಕ್ಕೆ ಯೋಗ್ಯವಾಗಿದೆ. ಒಂದು ಸಣ್ಣ ದೋಷವುಂಟು. ನಕ್ಷತ್ರಗಳ ವರುಷವು ಋತುಗಳ ವರುಷಕ್ಕಿಂತ 20 ನಿಮಿಷ ದೊಡ್ಡದು. ಆದುದರಿಂದ ಸುಮಾರು 71 ವರುಷಗಳಿಗೆ ಒಂದು ದಿನದ ಅಂತರ ಬೀಳುವುದು. ಏಳು ನೂರು ವರುಷಗಳ ಹಿಂದೆ ಹುಟ್ಟಿದ ರೋಹಿಣಿಯ ಗಾದೆ ಇದ್ದರೆ ಅದು ಈಗ ಹತ್ತು ದಿನ ಜರುಗಿರುವುದೆಂದು ತಿಳಿಯಬೇಕು. ಗಾದೆಗಳನ್ನು ಹೇಳುವವರು ಇದನ್ನು ಒಪ್ಪುವುದು ಕಷ್ಟ!

ಜೂನ್ ಮೊದಲಲ್ಲಿ ನೈಋತ್ಯ ಮಾರುತವು ಅರಬ್ಬೀ ಸಮುದ್ರದಿಂದ ಹೊರಟು ಸಹ್ಯಾದ್ರಿಗೆ ತಾಗುವುದು. ಗಾಳಿಯು ಬೆಟ್ಟವನ್ನೇರುವಾಗ ತಣಿದು ತನ್ನ ನೀರನ್ನೆಲ್ಲ ಅಲ್ಲಿಯೇ ಸುರಿಯುವುದು. ಆಗುಂಬೆಯಲ್ಲಿ ವರುಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. ಅಲ್ಲಿಂದ ಹಕ್ಕಿ ಹಾರುವ ದಾರಿಯಲ್ಲಿ ಇನ್ನೂರು ಕಿಲೋಮೀಟರಿಗೂ ಕಡಿಮೆ ದೂರದಲ್ಲಿರುವ ಕೊಟ್ಟೂರಿಗೆ ದೊರೆಯುವುದು ಅದರ ಹನ್ನೆರಡರಲ್ಲೊಂದು ಪಾಲು. ಬೆಟ್ಟವನ್ನಿಳಿದ ಗಾಳಿಯು ಒತ್ತಡಕ್ಕೆ ಸಿಕ್ಕಿ ಬಿಸಿಯಾಗುವುದು. ಬಿಸಿಯಾದ ಗಾಳಿಯು ತೇವವನ್ನು ಕೊಡುವುದಿಲ್ಲ, ಹೀರಿಕೊಳ್ಳುವುದು. ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮ ತಲೆಯ ಮೇಲೆ ಮೋಡಗಳು ಪಡುವಣದಿಂದ ಮೂಡಣಕ್ಕೆ ಓಡುತ್ತಲೇ ಇರುತ್ತವೆ. ಸೀರೆಯ ಸೆರಗು ನಿಲ್ಲದಷ್ಟು ಗಾಳಿ ಬೀಸುತ್ತಿರುತ್ತದೆ. ಆದರೆ ಬೀಳುವುದು ತುಂತುರು ಮಾತ್ರ. ನಮಗೆ ಮಳೆ ಕೊಡದ ಆ ಗಾಳಿಯಿಂದಲೇ ಹರಪನಹಳ್ಳಿಯ ಕಡೆಯ ಗುಡ್ಡಗಳ ಮೇಲೆ ಈಗ ವಿದ್ಯುತ್ತಿನ ಗಾಳಿಯಂತ್ರಗಳು ತಿರುಗುತ್ತಿವೆ.

ಒಕ್ಕಲುತನದ ದೊಡ್ಡ ಸಂಕಟವೆಲ್ಲ ಈ ಎರಡು ತಿಂಗಳಲ್ಲಿದೆ. ರೋಹಿಣಿಯೋ ಮೃಗಶಿರವೋ ಒಂದು ಹದವಾದ ಮಳೆ ಕೊಟ್ಟಿತೆಂದು ಜೋಳ, ಸಜ್ಜೆ, ಶೇಂಗಾ, ಮೆಕ್ಕೆಜೋಳಗಳನ್ನು ಬಿತ್ತುವರು. ಬೀಜವು ಮೊಳೆತು ನಾಲ್ಕೆಲೆಯಾಗುವುದು. ಆಮೇಲೆ ಇಪ್ಪತ್ತು ದಿನ, ಮೂವತ್ತು ದಿನ ಬರಿಯ ಗಾಳಿ. ಕೆಂಪು ಮಸಬು ನೆಲವು ತೆಳುವಾದುದರಿಂದ ಹತ್ತು ಹನ್ನೆರಡು ದಿನಗಳಿಗಿಂತ ಹೆಚ್ಚು ಕಾಲ ತೇವವನ್ನು ಹಿಡಿದಿಡಲಾರದು. ಬಿತ್ತದೆ ಕಾದರೆ ಹದ ತಪ್ಪುವುದು; ಬಿತ್ತಿದರೆ ಸಾಲ ತಂದ ಬೀಜವು ಒಣಗುವುದು. ವರುಷದ ಒಟ್ಟು ಮಳೆಯು ಸರಾಸರಿಯಷ್ಟೇ ಆಗಿದ್ದರೂ ಬೆಳೆ ಹೋಗುವುದು ಹೀಗೆಯೇ. ಒಟ್ಟು ಎಷ್ಟು ಬಂತೆಂಬುದಕ್ಕಿಂತ ಎರಡು ಮಳೆಗಳ ನಡುವೆ ಎಷ್ಟು ದಿನ ಹೋಯಿತೆಂಬುದು ನಮ್ಮ ಸೀಮೆಯಲ್ಲಿ ಮುಖ್ಯ. ನವಣೆ, ಸಜ್ಜೆಗಳು ಈ ಉಪವಾಸವನ್ನು ತಡೆಯಬಲ್ಲವು, ಮೆಕ್ಕೆಜೋಳ ತಡೆಯದು. ಬೆಲೆಯಾಸೆಯಿಂದ ಮೆಕ್ಕೆಜೋಳವೇ ಹೊಲಗಳನ್ನು ತುಂಬಿರುವುದು ಹವೆಯ ಸ್ವಭಾವಕ್ಕೆ ಒಪ್ಪಿದ ಮಾತಲ್ಲ.

ನಮ್ಮ ನಿಜವಾದ ಮಳೆಗಾಲವು ಉಳಿದ ಕನ್ನಡನಾಡಿಗೆ ಮಳೆಗಾಲ ಮುಗಿಯುತ್ತ ಬಂದಾಗ ಆರಂಭವಾಗುವುದು. ಸೆಪ್ಟೆಂಬರಿನಲ್ಲಿ ಪಡುವಣ ಗಾಳಿಯು ಸೋತುಹೋಗುವುದು. ಮಧ್ಯಾಹ್ನದ ಬಿಸಿಲು ಮರಳಿ ನೆಲವನ್ನು ಕಾಯಿಸುವುದು. ಗಾಳಿಯಲ್ಲಿ ತೇವವು ತುಂಬಿರುವುದು. ಬಂಗಾಳ ಕೊಲ್ಲಿಯಲ್ಲಿ ಹುಟ್ಟಿದ ವಾಯುಭಾರದ ತಗ್ಗುಗಳು ಆಂಧ್ರದ ಕರಾವಳಿಯನ್ನು ದಾಟಿ ನಮ್ಮ ಕಡೆಗೆ ಮೋಡಗಳನ್ನು ನೂಕುವುವು. ಸಂಜೆ ಗುಡುಗಿ ರಾತ್ರಿಯೆಲ್ಲ ಸುರಿಯುವ ಉತ್ತರೆ, ಹಸ್ತದ ಮಳೆಗಳೇ ನಮ್ಮ ಕೆರೆಗಳ ತಾಯಿಗಳು. ವರುಷದಲ್ಲಿ ಹೆಚ್ಚು ಮಳೆ ಬೀಳುವ ತಿಂಗಳು ಸೆಪ್ಟೆಂಬರೇ. ಅದರ ಹಿಂದೆ ಅಕ್ಟೋಬರು. ಕೆಲವು ವರುಷ ಈ ದಾನವೇ ಅತಿಯಾಗುವುದೂ ಉಂಟು. 2009ರಲ್ಲಿ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ದಿನಗಳವರೆಗೆ ಬಿದ್ದ ಮಳೆಯಿಂದ ಬಳ್ಳಾರಿ, ರಾಯಚೂರು ಸೀಮೆಗಳಲ್ಲಿ ಹಳ್ಳಿಗಳೇ ನೀರಿನಲ್ಲಿ ನಿಂತುವು.

ಇಲ್ಲಿ ಸತ್ಯವೇದ ಪಾಠಕ್ಕೆ ಸಂಬಂಧಿಸಿದ ಒಂದು ಮಾತನ್ನು ಹೇಳಬೇಕು. ಕನ್ನಡ ಸತ್ಯವೇದದಲ್ಲಿ ಮುಂಗಾರು ಮಳೆ, ಹಿಂಗಾರು ಮಳೆ ಎಂಬ ಮಾತುಗಳನ್ನು ಓದಿದಾಗ ನಮ್ಮ ಹುಡುಗಿಯರು ಜೂನ್ ಮತ್ತು ಅಕ್ಟೋಬರ್ ತಿಂಗಳುಗಳನ್ನು ನೆನೆಯುವರು. ಪಲೆಸ್ತೀನ ದೇಶದಲ್ಲಿ ಹಾಗಲ್ಲ. ಅಲ್ಲಿ ಬೇಸಿಗೆಯು ಸಂಪೂರ್ಣವಾಗಿ ಒಣ ಕಾಲ. ಮಳೆಯು ಚಳಿಗಾಲದಲ್ಲಿ ಮೆಡಿಟರೇನಿಯನ್ ಸಮುದ್ರದಿಂದ ಬರುವುದು. ಅಕ್ಟೋಬರ್, ನವೆಂಬರುಗಳಲ್ಲಿ ಬಂದು ಉಳುಮೆಗೆ ನೆಲವನ್ನು ಮೆತ್ತಗೆ ಮಾಡುವುದು ಅವರ ಮುಂಗಾರು. ಮಾರ್ಚ್, ಏಪ್ರಿಲ್‌ಗಳಲ್ಲಿ ಬಂದು ಗೋದಿಯ ಕಾಳನ್ನು ತುಂಬಿಸುವುದು ಅವರ ಹಿಂಗಾರು. ತಿಂಗಳುಗಳು ಬೇರೆಯಾದರೂ ಅಂಜಿಕೆಯು ಒಂದೇ: ಮೊದಲ ಮಳೆ ತಪ್ಪಿದರೆ ಬಿತ್ತನೆಯಿಲ್ಲ, ಕಡೆಯ ಮಳೆ ತಪ್ಪಿದರೆ ಸುಗ್ಗಿಯಿಲ್ಲ. ಭಾಷಾಂತರಕಾರರು ನಮ್ಮ ಒಕ್ಕಲಿಗನ ಮಾತುಗಳನ್ನೇ ತೆಗೆದುಕೊಂಡದ್ದು ಎಷ್ಟು ಯುಕ್ತವೆಂಬುದು ಕೂಡ್ಲಿಗಿಯಲ್ಲಿ ಒಂದು ವರುಷ ಇದ್ದವರಿಗೆ ತಿಳಿಯುವುದು.

ನವೆಂಬರ್ ನಡುವಿನಿಂದ ಆಕಾಶವು ತಿಳಿಯಾಗುವುದು. ಡಿಸೆಂಬರ್, ಜನವರಿಗಳ ರಾತ್ರಿಯಲ್ಲಿ ಉಷ್ಣಮಾನವು 15 ಡಿಗ್ರಿಯ ಆಚೀಚೆ ಇಳಿಯುವುದು; ಕೆಲವು ರಾತ್ರಿ ಇನ್ನೂ ಕೆಳಗೆ. ಹಿಂದೆ ಹೇಳಿದ ಎರೆಯ ನೆಲದ ಉಪಯೋಗವು ಈಗ ಕಾಣುವುದು. ಆಳವಾದ ಆ ಕಪ್ಪು ಮಣ್ಣು ಹಸ್ತ, ಚಿತ್ತಾ ಮಳೆಗಳ ನೀರನ್ನು ತನ್ನೊಳಗೆ ಬಚ್ಚಿಟ್ಟುಕೊಂಡು, ಒಂದು ಹನಿಯೂ ಬೀಳದ ಚಳಿಗಾಲದಲ್ಲಿ ಬಿಳಿಯ ಜೋಳವನ್ನೂ ಕಡಲೆಯನ್ನೂ ಸಾಕುವುದು. ಇದೇ ಕಾಲದಲ್ಲಿ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆಗೂ ತುಂಗಭದ್ರೆಯ ಹಿನ್ನೀರಿಗೂ ಪರದೇಶದ ಅತಿಥಿಗಳು ಬರುತ್ತವೆ. ಮಂಗೋಲಿಯ, ಮಧ್ಯ ಏಷ್ಯದ ಕಡೆಯ ಕೆರೆಗಳು ಹೆಪ್ಪುಗಟ್ಟಿದಾಗ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಹಿನ್ನೀರಿನ ದಡಗಳಿಗೆ ಇಳಿಯುವುವು. ನಾವು ಕಂಬಳಿ ಹೊದ್ದು ಚಳಿಯೆನ್ನುವ ಹವೆಯು ಅವುಗಳಿಗೆ ಬೆಚ್ಚಗಿನ ತವರು. 2024ರ ಜನವರಿಯಲ್ಲಿ ಅಂಕಸಮುದ್ರವು ರಾಮ್ಸಾರ್ ಒಪ್ಪಂದದ ಜಾಗತಿಕ ಪಟ್ಟಿಗೆ ಸೇರಿತು.

ಈಗ ಚರ್ಚಿಲ್ ಊರಿಗೆ ಮರಳೋಣ. ಅಲ್ಲಿ ಮಳೆ, ಹಿಮ ಎಲ್ಲವನ್ನೂ ನೀರಾಗಿ ಲೆಕ್ಕ ಹಾಕಿದರೂ ವರುಷಕ್ಕೆ ಬೀಳುವುದು ಸುಮಾರು 450 ಮಿಲಿಮೀಟರು. ನಮ್ಮಲ್ಲಿ 550ರಿಂದ 650, ಅಂದರೆ 22ರಿಂದ 26 ಅಂಗುಲ. ನಮಗೇ ಹೆಚ್ಚು! ಹಾಗಿದ್ದರೂ ಅಲ್ಲಿ ಬೇಸಿಗೆಯಲ್ಲಿ ನೋಡಿದಲ್ಲೆಲ್ಲ ಕೆರೆ ಕುಂಟೆಗಳು, ಜೌಗು ನೆಲ. ನಮ್ಮಲ್ಲಿ ಬಿಕ್ಕುವ ಬಾವಿಗಳು. ಇದೇಕೆ? ಅಲ್ಲಿ ನೆಲದ ಕೆಳಗೆ ಎಂದಿಗೂ ಕರಗದ ಹೆಪ್ಪಿರುವುದರಿಂದ ನೀರು ಇಂಗಿ ಹೋಗಲಾರದು. ಚಳಿಯಿಂದಾಗಿ ಆವಿಯಾಗಿಯೂ ಹೋಗಲಾರದು. ನಮ್ಮಲ್ಲಿ ವರುಷವಿಡೀ ಸೂರ್ಯನೂ ಗಾಳಿಯೂ ಸೇರಿ, ಮಳೆ ಕೊಡುವುದರ ಮೂರು ಪಾಲು ನೀರನ್ನು ಕುಡಿಯುವ ಶಕ್ತಿಯುಳ್ಳವುಗಳಾಗಿವೆ. ಆದುದರಿಂದ ಒಣಹವೆಯೆಂಬುದು ಮಳೆಯ ಕೊರತೆಯೊಂದರ ಹೆಸರಲ್ಲ. ಬಂದದ್ದಕ್ಕೂ ಹೋದದ್ದಕ್ಕೂ ಇರುವ ಲೆಕ್ಕದ ಹೆಸರು. ಕೊಪ್ಪೆನ್ ಎಂಬ ವಿದ್ವಾಂಸನು ಲೋಕದ ಹವೆಗಳನ್ನು ವಿಂಗಡಿಸುವಾಗ ಈ ಲೆಕ್ಕವನ್ನೇ ಹಿಡಿದನು. ಅವನ ಪಟದಲ್ಲಿ ನಮ್ಮದು ಅರೆಶುಷ್ಕ ಉಷ್ಣ ಪ್ರದೇಶ. ನಮ್ಮ ನೀರು ಉಳಿಯಬೇಕಾದರೆ ಬಿದ್ದ ದಿನವೇ ಅದನ್ನು ಹಿಡಿಯಬೇಕು. ಮಳೆಯ ದಿನಗಳಾದರೋ ವರುಷದಲ್ಲಿ ನಲವತ್ತರ ಆಚೀಚೆ ಮಾತ್ರ.

ಲೆಕ್ಕ ತಪ್ಪಿದ ವರುಷಗಳಲ್ಲಿ ಏನಾಗುವುದೆಂಬುದನ್ನು ನಮ್ಮ ಸೀಮೆಯು ಮರೆತಿಲ್ಲ. 1876ರಲ್ಲಿ, ಧಾತು ಸಂವತ್ಸರದಲ್ಲಿ, ಮುಂಗಾರು ಸಾಲಲಿಲ್ಲ, ಹಿಂಗಾರು ಬರಲಿಲ್ಲ. ಆ ಬರವು ಈಶ್ವರ ಸಂವತ್ಸರಕ್ಕೂ ಹಬ್ಬಿ 1878ರವರೆಗೆ ಎಳೆಯಿತು. ಬಳ್ಳಾರಿ ಜಿಲ್ಲೆಯಲ್ಲಿ 1871ರ ಜನಗಣತಿಯಲ್ಲಿ ಇದ್ದ ಜನರಲ್ಲಿ ಐದನೆಯ ಒಂದು ಪಾಲಿನಷ್ಟು 1881ರ ಗಣತಿಯಲ್ಲಿ ಕಡಿಮೆಯಾಗಿತ್ತು. ಈಗ ರೈಲಿನಿಂದ ಧಾನ್ಯ ಬರುವುದು, ಪಡಿತರವುಂಟು. ಹಾಗೆ ಜನರು ಸಾಯುವುದಿಲ್ಲ. ಆದರೆ ಬರವು ಬೇರೊಂದು ವೇಷದಲ್ಲಿ ಬರುವುದು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸರ್ಕಾರವು ಸಾರಿತು. ಅಂತಹ ವರುಷ ಕೂಡ್ಲಿಗಿ, ಹರಪನಹಳ್ಳಿಗಳ ಹಳ್ಳಿಗಳಿಂದ ಕುಟುಂಬಗಳು ಗುಳೇ ಹೊರಡುವುವು: ಕಾಫಿ ತೋಟಗಳಿಗೆ, ಬೆಂಗಳೂರಿನ ಕಟ್ಟಡದ ಕೆಲಸಗಳಿಗೆ. ಮನೆಯಲ್ಲಿ ಮುದುಕರಿದ್ದರೆ ಹುಡುಗನನ್ನು ಶಾಲೆಗೆಂದು ಬಿಟ್ಟು ಹೋಗುವರು. ಕೈಗೂಸನ್ನು ನೋಡಿಕೊಳ್ಳಲೆಂದು ಹುಡುಗಿಯನ್ನು ಕರೆದುಕೊಂಡು ಹೋಗುವರು. ಶಾಲೆಯ ಹಾಜರಿ ಪುಸ್ತಕದಲ್ಲಿ ಡಿಸೆಂಬರಿನಿಂದ ಖಾಲಿಯಾಗುವ ಹೆಸರುಗಳನ್ನು ನೋಡಿದರೆ ಆ ವರುಷ ಹಸ್ತದ ಮಳೆ ಬಂದಿತ್ತೋ ಇಲ್ಲವೋ ಎಂಬುದನ್ನು ತಕ್ಕಮಟ್ಟಿಗೆ ಹೇಳಬಹುದು. ಊರಲ್ಲಿ ಉಳಿದವಳಿಗೂ ಬಿಡುಗಡೆಯಿಲ್ಲ. ಬೇಸಿಗೆಯಲ್ಲಿ ಕೊಡ ಹಿಡಿದು ನಲ್ಲಿಯ ಮುಂದೆ ಸರದಿ ಕಾಯುವವಳು ಅವಳೇ.

ಕೆರೆ ಬತ್ತಿದರೆ ಕೊಳವೆ ಬಾವಿ ಇದೆಯಲ್ಲವೆಂದು ಕೆಲವರು ಹೇಳುವರು. ಆಳಕ್ಕೆ ಹೋದಂತೆ ಗಟ್ಟಿ ಕಲ್ಲಿನ ಸಂದುಗಳಲ್ಲಿ ನೀರು ಕಡಿಮೆ. ಇದ್ದ ನೀರಿನಲ್ಲಿಯೂ ಕೂಡ್ಲಿಗಿಯ ಕಡೆ ಅನೇಕ ಕಡೆಗಳಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಮಿಗಿಂತ ಮಿಕ್ಕಿದರೆ ಅದು ಹಲ್ಲುಗಳನ್ನು ಕಂದಿಸಿ, ಬಹುಕಾಲದ ಮೇಲೆ ಎಲುಬುಗಳನ್ನು ಬಿಗಿಯುವುದು. ಮಳೆಯ ನೀರಿನಲ್ಲಿ ಈ ದೋಷವಿಲ್ಲ. ಒಂದು ಲೆಕ್ಕ ಮಾಡೋಣ. ಒಂದು ಚದರ ಮೀಟರ್ ಮಾಳಿಗೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಶಾಲೆಯ ಮಾಳಿಗೆಯು 500 ಚದರ ಮೀಟರ್, ವರುಷದ ಮಳೆ 600 ಮಿಲಿಮೀಟರ್ ಎಂದಿಟ್ಟುಕೊಂಡರೆ 3,00,000 ಲೀಟರ್. ಐದರಲ್ಲೊಂದು ಪಾಲು ವ್ಯರ್ಥವಾದರೂ 2,40,000 ಉಳಿಯುವುದು. 200 ಹುಡುಗಿಯರು ದಿನಕ್ಕೆ ಮೂರು ಲೀಟರಿನಂತೆ ಬಳಸಿದರೆ 400 ದಿನ ಬರುವುದು. ವರುಷದಲ್ಲಿ ಇರುವುದೇ 365 ದಿನ. ತೊಟ್ಟಿ ಕಟ್ಟಿಸುವ ವೆಚ್ಚವು ಬೇರೆ ಮಾತು. ಆದರೆ ನೀರಿಲ್ಲವೆಂಬ ಮಾತು ನಿಲ್ಲುವುದಿಲ್ಲ.

ಈ ಪಾಠವನ್ನು ಓದಿದವರು ಒಂದು ಮಳೆಯಳತೆಯ ಪಾತ್ರೆಯನ್ನು ತಾವೇ ಮಾಡಿಕೊಳ್ಳಬಹುದು. ಬಾಯಿಯೂ ತಳವೂ ಒಂದೇ ಅಗಲವಿರುವ ನೆಟ್ಟನೆಯ ಡಬ್ಬಿ ಬೇಕು. ಗೋಡೆ, ಮರಗಳು ಎಷ್ಟು ಎತ್ತರವೋ ಅದರ ಎರಡರಷ್ಟು ದೂರದಲ್ಲಿ, ಡಬ್ಬಿಯ ಬಾಯಿ ನೆಲದಿಂದ ಒಂದು ಅಡಿ ಮೇಲಿರುವಂತೆ, ಗಾಳಿಗೆ ಬೀಳದಂತೆ ಕಲ್ಲುಗಳ ನಡುವೆ ನಿಲ್ಲಿಸಬೇಕು. ದಿನವೂ ಬೆಳಿಗ್ಗೆ 8½ ಗಂಟೆಗೆ ಅಳತೆಪಟ್ಟಿಯನ್ನು ಇಳಿಸಿ ನೀರಿನ ಆಳವನ್ನು ಮಿಲಿಮೀಟರುಗಳಲ್ಲಿ ಬರೆದು ಡಬ್ಬಿಯನ್ನು ಬರಿದು ಮಾಡಬೇಕು. ಹವಾಮಾನ ಇಲಾಖೆಯವರು ಅಳೆಯುವ ವೇಳೆಯೂ ಅದೇ. ಬಿಡುವು ಮಾಡಿದರೆ ಬಿಸಿಲು ನಿಮ್ಮ ಲೆಕ್ಕವನ್ನು ಕುಡಿದುಬಿಡುವುದು. ಮಳೆಯಿಲ್ಲದ ದಿನವೂ ಸೊನ್ನೆಯೆಂದು ಬರೆಯಬೇಕು, ಖಾಲಿ ಬಿಡಬಾರದು. ತಾರೀಖಿನ ಪಕ್ಕದಲ್ಲಿ ನಕ್ಷತ್ರದ ಹೆಸರನ್ನೂ ಬರೆಯಿರಿ. ಮನೆಯಲ್ಲಿ ಹಿರಿಯರಿಗೆ ಓದಿ ಹೇಳುವಾಗ ಅದು ಉಪಯೋಗಕ್ಕೆ ಬರುವುದು. ಮೇ 25ರಂದು, ರೋಹಿಣಿ ಹೂಡುವ ದಿನ, ಆರಂಭಿಸಿದರೆ ಅನುಕೂಲ. ಆಗ ಶಾಲೆಗೆ ರಜೆಯಿದ್ದರೂ ಡಬ್ಬಿಗೆ ರಜೆಯಿಲ್ಲ.